ಕಿಟಕಿ ರಿಪೇರಿ: ಮೊದಲು ನೀರಿನ ದಾರಿ ಹಿಡಿಯಿರಿ, ಆಮೇಲೆ ಉಳಿ ಹಿಡಿಯಿರಿ

ಮಳೆಗಾಲ ಶುರುವಾದ ಮೇಲೆ ಕಿಟಕಿ ನೆನಪಾಗುವುದು ನಮ್ಮೆಲ್ಲರ ಅಭ್ಯಾಸ. ಕಿಟಕಿಯ ಬಾಗಿಲು ಉಬ್ಬಿ ಮುಚ್ಚುವುದಿಲ್ಲ, ಕೆಳಗಿನ ಮೂಲೆಯಿಂದ ನೀರು ಒಸರುತ್ತದೆ, ಗೋಡೆಯ ಬಣ್ಣ ಪದರ ಪದರ ಏಳುತ್ತದೆ. ಆಗ ಬಡಗಿಗೆ ಫೋನ್ ಮಾಡಿದರೆ ಅವರು ಸಿಗುವುದಿಲ್ಲ. ಸಿಕ್ಕಿದರೂ ಅರ್ಧಕ್ಕರ್ಧ ಜನ ಹೇಳುವ ಮಾತು ಒಂದೇ: "ಇದನ್ನ ಕಿತ್ತು ಹಾಕಿ, ಯುಪಿವಿಸಿ ಹಾಕಿಸಿಬಿಡಿ."

ಯುಪಿವಿಸಿ ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿ. ಕಿತ್ತು ಹಾಕುವ ಮುಂಚೆ ಸ್ವಲ್ಪ ತಡೆಯಿರಿ. ಮೂವತ್ತು ನಲವತ್ತು ವರ್ಷದ ಹಿಂದಿನ ಮನೆಗಳಲ್ಲಿ ಸಾಗುವಾನಿ, ಹೊನ್ನೆ, ಮತ್ತಿ, ಹಲಸಿನ ಮರದ ಕಿಟಕಿಗಳಿವೆ. ಅಷ್ಟು ಬಲಿತ ಮರ ಇವತ್ತು ದುಡ್ಡು ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ. ಅಂಥ ಕಿಟಕಿಯಲ್ಲಿ ಕೆಟ್ಟಿರುವುದು ಸಾಮಾನ್ಯವಾಗಿ ಕೆಳಗಿನ ಒಂದೆರಡು ಅಂಗುಲ ಮಾತ್ರ. ಅಲ್ಲಿ ಯಾಕೆ ಕೆಟ್ಟಿತು ಅನ್ನುವುದನ್ನು ಮೊದಲು ಕಂಡುಹಿಡಿಯಬೇಕು. ಹತ್ತರಲ್ಲಿ ಒಂಬತ್ತು ಸಲ ಉತ್ತರ ನೀರು. ಅದನ್ನು ನಿಲ್ಲಿಸದೆ ಎಷ್ಟು ಪುಟ್ಟಿ ತುಂಬಿದರೂ, ಎಷ್ಟು ಬಣ್ಣ ಬಳಿದರೂ ಎರಡು ಮಳೆಗಾಲಕ್ಕೆ ಮತ್ತೆ ಅದೇ ಕಥೆ.

ಯಾವಾಗ ಮಾಡಬೇಕು

ಸಂಕ್ರಾಂತಿಯಿಂದ ಯುಗಾದಿಯವರೆಗಿನ ಕಾಲ ಒಳ್ಳೆಯದು. ಮರ ಒಣಗಿರುತ್ತದೆ, ಬಣ್ಣ ಬೇಗ ಆರುತ್ತದೆ. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಕೆಲಸದ ಆಸೆ ಬಿಡಬೇಕು. ಬೆಂಗಳೂರು, ಮೈಸೂರಿನ ಕಡೆ ಅಕ್ಟೋಬರ್‌ನಲ್ಲೂ ಜೋರು ಮಳೆ ಬರುವುದರಿಂದ ದಸರಾ ರಜೆಯಲ್ಲಿ ಮಾಡೋಣ ಅಂದುಕೊಂಡರೆ ಕೈಕೊಡುತ್ತದೆ.

ಆದರೆ ಮಳೆಗಾಲದಲ್ಲೇ ಮಾಡಬೇಕಾದ ಒಂದು ಕೆಲಸ ಇದೆ. ಅದು ಗುರುತು ಹಾಕುವುದು. ನೀರು ಎಲ್ಲಿಂದ ಬರುತ್ತಿದೆ, ಬಾಗಿಲು ಎಲ್ಲಿ ಒತ್ತುತ್ತಿದೆ ಅನ್ನುವುದು ಕಾಣುವುದು ಆಗ ಮಾತ್ರ. ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಪೆನ್ಸಿಲಿನಲ್ಲಿ ಗೆರೆ ಹಾಕಿ. ರಿಪೇರಿ ಬೇಸಿಗೆಯಲ್ಲಿ.

ನೀರಿನ ದಾರಿ ಹುಡುಕುವುದು ಹೇಗೆ

ಹೊರಗಿನಿಂದ ಪೈಪು ಹಿಡಿದು ನೀರು ಬಿಡುವುದು ಸರಳ ಪರೀಕ್ಷೆ. ಒಬ್ಬರು ಹೊರಗೆ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ನಿಲ್ಲಬೇಕು. ಇದರಲ್ಲಿ ಒಂದು ಗುಟ್ಟಿದೆ: ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು, ಯಾವ ತೂತಿನಿಂದ ಒಳಗೆ ಬಂತು ಅಂತ ಗೊತ್ತೇ ಆಗುವುದಿಲ್ಲ. ಮೊದಲು ಕಿಟಕಿಯ ಕೆಳಗಿನ ಕಟ್ಟೆಗೆ ಐದು ನಿಮಿಷ ಬಿಡಿ. ಒಳಗೆ ಏನೂ ಕಾಣದಿದ್ದರೆ ಚೌಕಟ್ಟು ಮತ್ತು ಗೋಡೆ ಸೇರುವ ಸಂದು. ಆಮೇಲೆ ಗಾಜಿನ ಅಂಚು. ಕೊನೆಗೆ ಮೇಲಿನ ಸಜ್ಜಾ. ಫೋರ್ಸ್ ಜಾಸ್ತಿ ಬೇಡ, ಮಳೆ ಹನಿಯ ಹಾಗೆ ಬಿದ್ದರೆ ಸಾಕು. ಕಿಟಕಿಯ ಹತ್ತಿರ ಪ್ಲಗ್ ಪಾಯಿಂಟ್ ಇದ್ದರೆ ಆ ರೂಮಿನ ಸ್ವಿಚ್ ಮೇನಿನಲ್ಲೇ ಆಫ್ ಮಾಡಿರಿ.

ಸಾಮಾನ್ಯವಾಗಿ ಸಿಕ್ಕಿಬೀಳುವ ಕಳ್ಳರು ಇವರು.

ಒಂದು, ಕಟ್ಟೆಯ ಇಳಿಜಾರು. ಹೊರಗಿನ ಕಟ್ಟೆ ಹೊರಕ್ಕೆ ವಾಲಿರಬೇಕು. ಒಂದು ಚೊಂಬು ನೀರು ಹಾಕಿ ನೋಡಿ. ನಿಂತರೆ ಅಥವಾ ಒಳಕ್ಕೆ ತಿರುಗಿದರೆ ಅಲ್ಲೇ ರೋಗ ಇದೆ. ಕಟ್ಟೆಯ ಮೇಲ್ಮೈ ಕೆತ್ತಿ, ನೆನೆಸಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಗೆ ವಾಟರ್‌ಪ್ರೂಫಿಂಗ್ ದ್ರವ ಸೇರಿಸಿ ಹೊರಕ್ಕೆ ಇಳಿಜಾರು ಕೊಡಿ. ಏಳು ದಿನ ನೀರು ಹಾಕಿ ಕ್ಯೂರ್ ಮಾಡಿ. ಗ್ರಾನೈಟ್ ಕಟ್ಟೆಯಾದರೆ ಎಬ್ಬಿಸಿ ಮತ್ತೆ ಕೂರಿಸಬೇಕು. ಅದು ಮೇಸ್ತ್ರಿ ಕೆಲಸ.

ಎರಡು, ಸಜ್ಜಾದ ತಳ. ಸಜ್ಜಾದ ತುದಿಯಲ್ಲಿ ಕೆಳಮುಖವಾಗಿ ಒಂದು ಗೀರು ಕೊರೆದಿರಬೇಕು. ಅದು ಇದ್ದರೆ ನೀರು ತುದಿಯಲ್ಲೇ ತೊಟ್ಟಿಕ್ಕುತ್ತದೆ. ಇಲ್ಲದಿದ್ದರೆ ತಳಕ್ಕೆ ಅಂಟಿಕೊಂಡೇ ಹರಿದು ಬಂದು ಚೌಕಟ್ಟಿನ ತಲೆಗೆ ಸೇರುತ್ತದೆ. ಹಳೆಯ ಮೇಸ್ತ್ರಿಗಳು ಇದನ್ನು ಮರೆಯುತ್ತಿರಲಿಲ್ಲ. ಈಗ ಬಣ್ಣದವರು ಪುಟ್ಟಿ ಹಚ್ಚಿ ಆ ಗೀರನ್ನು ನೀಟಾಗಿ ಮುಚ್ಚಿಬಿಡುತ್ತಾರೆ! ಪುಟ್ಟಿ ಕೆರೆದರೆ ಕೆಲಸ ಮುಗಿಯಿತು. ಗೀರೇ ಇರದಿದ್ದರೆ ಸಜ್ಜಾದ ತಳದಲ್ಲಿ, ತುದಿಯಿಂದ ಒಂದು ಅಂಗುಲ ಒಳಗೆ, ಸಣ್ಣ ಅಲ್ಯೂಮಿನಿಯಂ ಎಲ್ ಪಟ್ಟಿಯನ್ನು ಸೀಲೆಂಟ್ (ಸಂದು ಮುಚ್ಚುವ ಅಂಟು) ಹಚ್ಚಿ ಉದ್ದಕ್ಕೂ ಅಂಟಿಸಿ. ಕೆಳಕ್ಕೆ ಇಳಿಬಿದ್ದ ಅಂಚು ನೀರನ್ನು ಅಲ್ಲೇ ಬೀಳಿಸುತ್ತದೆ.

ಮೂರು, ಚೌಕಟ್ಟು ಮತ್ತು ಗೋಡೆಯ ನಡುವಿನ ಬಿರುಕು. ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಸಿಮೆಂಟು ಹಾಗಲ್ಲ. ಹಾಗಾಗಿ ಆ ಸಂದಿಗೆ ಸಿಮೆಂಟು ಮೆತ್ತಿದರೆ ಮುಂದಿನ ಬೇಸಿಗೆಗೆ ಬಿಟ್ಟುಕೊಳ್ಳುತ್ತದೆ. ಗೋಡೆಗೆ ಹಚ್ಚುವ ಬಿಳಿ ಪುಟ್ಟಿಯಂತೂ ಬೇಡವೇ ಬೇಡ. ಬಿರುಕನ್ನು ಚೂಪಾದ ಮೊನೆಯಿಂದ ಕೆರೆದು, ಧೂಳು ಊದಿ, ಒಣಗಿದ ಮೇಲೆ ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲೆಂಟ್ ಅಥವಾ ಪಿಯು (ಪಾಲಿಯುರೆಥೇನ್) ಸೀಲೆಂಟ್ ತುಂಬಿ. ಬಿರುಕು ಬೆರಳಗಲ ಇದ್ದರೆ ಮೊದಲು ಫೋಮ್ ಹಗ್ಗ ತುರುಕಿ, ಅದರ ಮೇಲೆ ಸೀಲೆಂಟ್. ಸಿಲಿಕಾನ್ ಹಾಕಿದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ ಅನ್ನುವುದು ನೆನಪಿರಲಿ.

ನಾಲ್ಕನೆಯ ಕಳ್ಳ ಸಣ್ಣವನು. ಅವನ ವಿಚಾರಕ್ಕೆ ಮುಂದೆ ಸರಳಿನ ಭಾಗದಲ್ಲಿ ಬರೋಣ.

ಮರ ಎಷ್ಟು ಕೆಟ್ಟಿದೆ

ಹಳೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಚೌಕಟ್ಟಿನ ಕೆಳಮೂಲೆಗಳು, ಬಾಗಿಲಿನ ಕೆಳಪಟ್ಟಿ, ಕೂಡುಗಳು ಇಲ್ಲೆಲ್ಲ ಚುಚ್ಚಿ ನೋಡಿ. ಗಟ್ಟಿ ಮರ ತಡೆಯುತ್ತದೆ. ಕೊಳೆತಿದ್ದರೆ ಮೊನೆ ಸುಮ್ನೆ ಒಳಗೆ ಇಳಿಯುತ್ತದೆ. ಬಣ್ಣ ಚೆನ್ನಾಗಿದ್ದು ಒಳಗೆ ಟೊಳ್ಳಾಗಿರುವುದು ತುಂಬಾ ಸಾಮಾನ್ಯ. ತಟ್ಟಿದಾಗ ಬರುವ ಸದ್ದೂ ಬೇರೆ.

ಹುಳುವಿನ ಕೆಲಸವೋ ಗೆದ್ದಲಿನ ಕೆಲಸವೋ ಅನ್ನುವುದನ್ನೂ ಬೇರೆ ಮಾಡಿ ನೋಡಬೇಕು. ಗುಂಡುಸೂಜಿ ಗಾತ್ರದ ತೂತುಗಳು, ಕೆಳಗೆ ಮೈದಾದಂಥ ನುಣ್ಣನೆ ಪುಡಿ ಕಂಡರೆ ಅದು ಕುಟ್ಟೆ ಹುಳ. ಹುಳು, ಕೊಳೆ ತಡೆಯುವ ಮರದ ಔಷಧಿಯನ್ನು ಸಿರಿಂಜಿನಲ್ಲಿ ತೂತು ತೂತಿಗೆ ಬಿಟ್ಟು ಮೇಣ ಮೆತ್ತಿದರೆ ಹತೋಟಿಗೆ ಬರುತ್ತದೆ. ಮಣ್ಣಿನ ಗೆರೆ ಕಂಡರೆ ಗೆದ್ದಲು. ಗೆದ್ದಲು ಕಿಟಕಿಯಲ್ಲಿ ಹುಟ್ಟುವುದಿಲ್ಲ, ನೆಲದಿಂದ ಗೋಡೆಯೊಳಗೆ ಹತ್ತಿ ಬರುತ್ತದೆ. ಕಿಟಕಿಗೆ ಮಾತ್ರ ಔಷಧಿ ಹೊಡೆದರೆ ಪಕ್ಕದ ಕಪಾಟಿಗೆ ಹೋಗುತ್ತದೆ ಅಷ್ಟೇ. ಅದಕ್ಕೆ ಇಡೀ ಗೋಡೆಯ ಬುಡಕ್ಕೆ ಚಿಕಿತ್ಸೆ ಬೇಕು. ಗೆದ್ದಲು ಕೆಲಸದವರನ್ನು ಕರೆಸಿ.

ಈಗ ಕೊಳೆತ ಭಾಗ. ಗಾಯ ಸಣ್ಣದಾಗಿದ್ದರೆ, ಅಂದರೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು ಅನ್ನುವಷ್ಟಿದ್ದರೆ, ಉಳಿಯಲ್ಲಿ ಗಟ್ಟಿ ಮರ ಸಿಗುವವರೆಗೆ ಕೆತ್ತಿ ತೆಗೆಯಿರಿ. ಎರಡು ವಾರ ಬಿಸಿಲಿಗೆ, ಗಾಳಿಗೆ ಬಿಟ್ಟು ಒಣಗಿಸಿ. ಈ ಎರಡು ವಾರದ ತಾಳ್ಮೆ ಇಲ್ಲದೆ ಕೆಟ್ಟ ರಿಪೇರಿಗಳೇ ಜಾಸ್ತಿ. ಆಮೇಲೆ ಮರದ ಔಷಧಿ ಹಚ್ಚಿ, ಅದು ಆರಿದ ಮೇಲೆ ಎರಡು ಭಾಗ ಕಲಸುವ ಎಪಾಕ್ಸಿ ಪುಟ್ಟಿ ತುಂಬಿ, ಸ್ವಲ್ಪ ಉಬ್ಬಿಸಿಯೇ ಬಿಟ್ಟು, ಮಾರನೆಯ ದಿನ ಉಪ್ಪುಕಾಗದದಲ್ಲಿ ಉಜ್ಜಿ ಸಮ ಮಾಡಿ. ಮರದ ಪುಡಿಗೆ ಫೆವಿಕಾಲ್ ಕಲಸಿ ತುಂಬುವ ಹಳೆಯ ಉಪಾಯ ಒಳಗಡೆಗೆ ಸರಿ. ಹೊರಗಡೆ ಬೇಡ, ಮಾಮೂಲಿ ಬಿಳಿ ಗೋಂದು ನೀರಿಗೆ ಮೆತ್ತಗಾಗುತ್ತದೆ.

ಗಾಯ ದೊಡ್ಡದಾಗಿದ್ದರೆ ಹೊಸ ತುಂಡು ಕೂಡಿಸಬೇಕು. ಇದು ನಿಜವಾದ ಬಡಗಿ ಕೆಲಸ, ಆದರೆ ಕೈ ಕುದುರಿದವರು ಮಾಡಬಹುದು. ಕೊಳೆತ ಭಾಗವನ್ನು ನೇರವಾಗಿ ಕತ್ತರಿಸಬೇಡಿ, ಓರೆಯಾಗಿ ಕತ್ತರಿಸಿ. ಆ ಓರೆ ಹೊರಗಡೆಗೆ ಇಳಿಯುವಂತಿದ್ದರೆ ಕೂಡಿನಲ್ಲಿ ನೀರು ನಿಲ್ಲುವುದಿಲ್ಲ. ತುಂಡು ಅದೇ ಜಾತಿಯ ಮರದ್ದಾಗಿರಲಿ, ಅದರ ಎಳೆ ಹಳೆಯ ಮರದ ಎಳೆಯ ದಿಕ್ಕಿನಲ್ಲೇ ಇರಲಿ. ಎರಡೂ ಬೇರೆ ಬೇರೆ ರೀತಿ ಹಿಗ್ಗಿದರೆ ಗೋಂದು ಬಿಟ್ಟುಕೊಳ್ಳುತ್ತದೆ. ಒಳ್ಳೆಯ ತುಂಡಿಗೆ ಹಳೆ ಮರದ ಅಂಗಡಿಗೆ ಹೋಗಿ. ಮನೆ ಕೆಡವಿದ ಮಾಲು ಬರುವ ಜಾಗ ಪ್ರತಿ ಊರಿನಲ್ಲೂ ಇರುತ್ತದೆ. ಅಲ್ಲಿ ಸಿಗುವ ಮರ ಚೆನ್ನಾಗಿ ಪಳಗಿರುತ್ತದೆ, ಹೊಸ ಮರದ ಹಾಗೆ ತಿರುಚಿಕೊಳ್ಳುವುದಿಲ್ಲ. ನೀರು ತಡೆಯುವ ಗೋಂದು ಹಚ್ಚಿ, ಸ್ಟೇನ್‌ಲೆಸ್ ಸ್ಕ್ರೂ ಹಾಕಿ, ಒಂದು ದಿನ ಕ್ಲಾಂಪಿನಲ್ಲಿ ಬಿಗಿದಿಡಿ.

ಕೂಡಿಸುವ ಮುಂಚೆ ಎರಡು ತುದಿಗಳಿಗೂ ಒಂದು ಗಮನ ಕೊಡಿ. ಮರ ನೀರು ಕುಡಿಯುವುದು ಮೈಗಿಂತ ಹೆಚ್ಚಾಗಿ ಕತ್ತರಿಸಿದ ತುದಿಯಿಂದ. ಕಿಟಕಿ ಬಾಗಿಲಿನ ಕೆಳಗಿನ ಅಂಚು, ಚೌಕಟ್ಟಿನ ಕಾಲು, ಇವೆಲ್ಲ ಯಾರ ಕಣ್ಣಿಗೂ ಬೀಳದ ಜಾಗಗಳು. ಬಣ್ಣದವರು ಅಲ್ಲಿಗೆ ಕುಂಚ ಹಾಕುವುದೇ ಇಲ್ಲ. ಬಾಗಿಲು ಬಿಚ್ಚಿದಾಗ ಆ ತುದಿಗಳಿಗೆ ಪ್ರೈಮರ್ ಮೂರು ಸಲ ಕುಡಿಸಿ. ಗೋಡೆಗೆ ತಾಗುವ ಕಡೆಗೆ ಟಾರು ಬಳಿಯುವ ಪದ್ಧತಿ ಎಲ್ಲ ಕಡೆ ಇದೆ. ಕರಾವಳಿಯ ಹಳಬರು ಗೇರು ಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ, ಅದೂ ಒಳ್ಳೆಯದೇ. ಆದರೆ ಅದು ಚರ್ಮ ಸುಡುತ್ತದೆ. ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಮುಚ್ಚದ ಬಾಗಿಲು

ಬಾಗಿಲು ಒತ್ತಿದ ಕೂಡಲೇ ತೋಪಡಾ (ಮರ ಹೆರೆಯುವ ಸಾಧನ) ಹಿಡಿಯುವವರು ತುಂಬಾ ಜನ. ಅದು ಕೊನೆಯ ಉಪಾಯ. ಹೊಡೆದುಹಾಕಿದ ಮರ ವಾಪಸ್ ಬರುವುದಿಲ್ಲ, ಅಲ್ವಾ?

ಮೊದಲು ಕೀಲು ನೋಡಿ. ಬಾಗಿಲನ್ನು ಅರ್ಧ ತೆರೆದು, ತುದಿ ಹಿಡಿದು ಮೇಲಕ್ಕೆ ಎತ್ತಿ. ಆಡಿದರೆ ಮೇಲಿನ ಕೀಲಿನ ಸ್ಕ್ರೂ ಸಡಿಲ. ಬಾಗಿಲು ಜೋತುಬಿದ್ದು ಕೆಳಗೆ ತಾಗುತ್ತಿದೆ ಅಷ್ಟೇ. ಸ್ಕ್ರೂ ತಿರುಗಿಸಿದರೆ ತಿರುಗುತ್ತಲೇ ಇದ್ದರೆ ತೂತು ಸವೆದಿದೆ. ಬಿದಿರು ಕಡ್ಡಿಯನ್ನು ಗೋಂದಿನಲ್ಲಿ ಅದ್ದಿ ತೂತಿಗೆ ಬಿಗಿಯಾಗಿ ಬಡಿದು, ಮಾರನೆಯ ದಿನ ಸಮವಾಗಿ ಕತ್ತರಿಸಿ, ಸಣ್ಣ ತೂತು ಕೊರೆದು ಅದೇ ಸ್ಕ್ರೂ ಹಾಕಿ. ಬೆಂಕಿಕಡ್ಡಿ ತುರುಕುವುದು ತಾತ್ಕಾಲಿಕ, ಮರ ತುಂಬಾ ಮೆದು.

ಕೀಲು ಸರಿ ಇದ್ದರೆ ಬಣ್ಣ ನೋಡಿ. ಪ್ರತಿ ಸಲ ಎರಡು ಕೋಟ್ ಅಂತ ಬಳಿಯುತ್ತಾ ಬಂದರೆ ಅಂಚಿನಲ್ಲಿ ಬಣ್ಣವೇ ಒಂದೆರಡು ಮಿಲಿಮೀಟರ್ ದಪ್ಪ ಕೂತಿರುತ್ತದೆ. ಕೆರೆದರೆ ಬಾಗಿಲು ಸಲೀಸಾಗಿ ಮುಚ್ಚುತ್ತದೆ.

ಇಷ್ಟೆಲ್ಲ ಆದ ಮೇಲೂ ಒತ್ತಿದರೆ ಬಾಗಿಲಿನ ಅಂಚಿಗೆ ಬಣ್ಣದ ಸೀಮೆಸುಣ್ಣ ಉಜ್ಜಿ, ಮುಚ್ಚಿ, ತೆರೆಯಿರಿ. ಚೌಕಟ್ಟಿನಲ್ಲಿ ಸುಣ್ಣ ಅಂಟಿದ ಕಡೆ ಒತ್ತಡ. ಈ ಗುರುತು ಮಳೆಗಾಲದಲ್ಲೇ ಆಗಬೇಕು. ಮರ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಬಹುತೇಕ ಹಿಗ್ಗುವುದಿಲ್ಲ. ಹಾಗಾಗಿ ಒತ್ತುವುದು ಸಾಮಾನ್ಯವಾಗಿ ಚಿಲಕದ ಪಕ್ಕದ ಅಂಚು. ಬೇಸಿಗೆಯಲ್ಲಿ ಆ ಗುರುತಿನಷ್ಟು ಮಾತ್ರ ತೋಪಡಾ ಹೊಡೆದು, ಬರಿ ಮರ ಕಂಡ ಕಡೆ ಅದೇ ದಿನ ಪ್ರೈಮರ್ ಹಚ್ಚಿ. ಇಲ್ಲದಿದ್ದರೆ ಹೊಡೆದ ಕಡೆಯಿಂದಲೇ ಮರ ಮತ್ತೆ ತೇವ ಕುಡಿದು ಉಬ್ಬುತ್ತದೆ.

ಬಯಲುಸೀಮೆಯ ಕಷ್ಟ ಇದರ ಉಲ್ಟಾ. ಕಲಬುರಗಿ, ರಾಯಚೂರಿನ ಬೇಸಿಗೆಗೆ ಮರ ಕುಗ್ಗಿ ಕೂಡುಗಳು ಸಡಿಲಾಗುತ್ತವೆ, ಬಾಗಿಲು ಗಡಗಡ ಅನ್ನುತ್ತದೆ. ಅಲ್ಲಿ ಕೂಡು ಬಿಡಿಸಿ, ಹಳೆ ಗೋಂದು ಕೆರೆದು, ಹೊಸ ಗೋಂದು ಹಾಕಿ ಬಿಗಿಯಬೇಕು. ಮೂಲೆಗೆ ತಗಡಿನ ಎಲ್ ಪಟ್ಟಿ ಹೊಡೆದರೆ ನಿಲ್ಲುತ್ತದೆ, ಆದರೆ ನೋಡಲು ಚೆನ್ನಾಗಿರುವುದಿಲ್ಲ.

ಕರಾವಳಿಯವರಿಗೆ ಇನ್ನೊಂದು ಮಾತು. ಉಪ್ಪು ಗಾಳಿಗೆ ಸಾಮಾನ್ಯ ಕಬ್ಬಿಣದ ಕೀಲು ಬೇಗ ಹೋಗುತ್ತದೆ. ಹಿತ್ತಾಳೆ ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಕೀಲು ಹಾಕಿ, ಸ್ಕ್ರೂ ಕೂಡ ಅದೇ ಲೋಹದ್ದು. ಹಿತ್ತಾಳೆ ಸ್ಕ್ರೂ ಮೆದು, ಗಟ್ಟಿ ಮರದಲ್ಲಿ ತಲೆ ಮುರಿಯುತ್ತದೆ. ಮೊದಲು ಅದೇ ಸೈಜಿನ ಕಬ್ಬಿಣದ ಸ್ಕ್ರೂ ತಿರುಗಿಸಿ ದಾರಿ ಮಾಡಿ, ಬಿಚ್ಚಿ, ಆಮೇಲೆ ಹಿತ್ತಾಳೆಯದು ಹಾಕಿ.

ಸರಳು, ಗ್ರಿಲ್ಲು, ತುಕ್ಕು

ನಾಲ್ಕನೆಯ ಕಳ್ಳ ಇಲ್ಲಿದ್ದಾನೆ. ಹಳೆಯ ಕಿಟಕಿಗಳಲ್ಲಿ ಕಬ್ಬಿಣದ ಸರಳುಗಳು ಚೌಕಟ್ಟಿನ ಕೆಳಪಟ್ಟಿಯ ತೂತಿನಲ್ಲಿ ಕೂತಿರುತ್ತವೆ. ಮಳೆ ನೀರು ಸರಳಿನ ಮೈಗುಂಟ ಇಳಿದು ನೇರ ಆ ತೂತಿಗೆ ಹೋಗುತ್ತದೆ. ಕಬ್ಬಿಣ ತುಕ್ಕು ಹಿಡಿದಾಗ ಉಬ್ಬುತ್ತದೆ, ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಆ ಒತ್ತಡಕ್ಕೆ ಕೆಳಪಟ್ಟಿ ಸರಳಿನ ಸಾಲಿಗೆ ಸರಿಯಾಗಿ ಉದ್ದಕ್ಕೆ ಸೀಳುತ್ತದೆ. ಬಗ್ಗಿ ನೋಡಿದರೆ ಒಂದು ಸರಳಿನಿಂದ ಇನ್ನೊಂದಕ್ಕೆ ಕೂದಲೆಳೆಯ ಬಿರುಕು ಓಡಿರುತ್ತದೆ, ತೂತಿನ ಸುತ್ತ ಕೆಂಪು ಕಲೆ.

ಸರಳಿನ ಬುಡವನ್ನು ವೈರ್ ಬ್ರಷ್ಷಿನಲ್ಲಿ, ಆಮೇಲೆ ಎಮರಿ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ. ತೂತಿನೊಳಗಿನ ತುಕ್ಕನ್ನು ಮೊಳೆಯಿಂದ ಕೆದಕಿ ತೆಗೆಯಿರಿ. ಒಣಗಿಸಿ, ತುಕ್ಕು ನಿರೋಧಕ ರೆಡ್ ಆಕ್ಸೈಡ್ ಪ್ರೈಮರ್ ಒಳಗೂ ಇಳಿಯುವ ಹಾಗೆ ಹಚ್ಚಿ. ಅದು ಆರಿದ ಮೇಲೆ ಎಪಾಕ್ಸಿ ಪುಟ್ಟಿಯನ್ನು ಸರಳಿನ ಬುಡಕ್ಕೆ ಸುತ್ತ ಮೆತ್ತಿ, ಒದ್ದೆ ಬೆರಳಿನಲ್ಲಿ ನೇವರಿಸಿ ಸಣ್ಣ ದಿಬ್ಬದ ಆಕಾರ ಕೊಡಿ. ನೀರು ಬುಡದಿಂದ ದೂರಕ್ಕೆ ಜಾರುತ್ತದೆ. ಒಂದು ಕಿಟಕಿಗೆ ಒಂದು ಮಧ್ಯಾಹ್ನ ಸಾಕು. ನನ್ನ ಕೇಳಿದರೆ ಇಡೀ ಕಿಟಕಿ ರಿಪೇರಿಯಲ್ಲಿ ಕಡಿಮೆ ಖರ್ಚಿಗೆ ಜಾಸ್ತಿ ಲಾಭ ಕೊಡುವ ಕೆಲಸ ಇದೇ.

ತುಕ್ಕು ಉಜ್ಜಿದ ಕಬ್ಬಿಣವನ್ನು ರಾತ್ರಿ ಬರಿ ಮೈಯಲ್ಲಿ ಬಿಡಬೇಡಿ. ಬೆಳಗಿನ ಮಂಜಿಗೆ ಮತ್ತೆ ಕೆಂಪಾಗುತ್ತದೆ. ಉಜ್ಜಿದ ದಿನವೇ ಪ್ರೈಮರ್, ಆರಿದ ಮೇಲೆ ಎನಾಮಲ್ ಬಣ್ಣ ಎರಡು ಕೈ.

ಗ್ರಿಲ್ ಮುರಿದು ವೆಲ್ಡಿಂಗ್ ಮಾಡಿಸುವುದಾದರೆ ಗಾಜಿಗೆ ಒದ್ದೆ ಗೋಣಿಚೀಲ ಕಟ್ಟಿ. ವೆಲ್ಡಿಂಗ್ ಕಿಡಿ ಬಿದ್ದರೆ ಗಾಜಿನಲ್ಲಿ ಕಪ್ಪು ಚುಕ್ಕೆ ಕಚ್ಚಿಕೊಳ್ಳುತ್ತದೆ, ಯಾವ ಕ್ಲೀನರ್‌ಗೂ ಹೋಗುವುದಿಲ್ಲ.

ಒಡೆದ ಗಾಜು ಬದಲಿಸುವುದು

ಗಲ್ಲಿ ಕ್ರಿಕೆಟ್ ಇರುವವರೆಗೂ ಈ ಭಾಗ ಬೇಕಾಗುತ್ತದೆ. ಮರದ ಕಿಟಕಿಯ ಗಾಜನ್ನು ಮನೆಯಲ್ಲೇ ಧಾರಾಳವಾಗಿ ಬದಲಿಸಬಹುದು. ನೆಲಮಹಡಿಯಲ್ಲಿ, ಅಥವಾ ಬಾಗಿಲು ಬಿಚ್ಚಿ ಮೇಜಿನ ಮೇಲೆ ಇಡಲು ಆಗುವ ಕಡೆ ಮಾತ್ರ. ಎರಡನೇ ಮಹಡಿಯ ಕಿಟಕಿಯಿಂದ ಹೊರಗೆ ಬಗ್ಗಿ ಮಾಡುವ ಕೆಲಸ ಇದಲ್ಲ.

ದಪ್ಪ ಕೈಗವಸು, ಕನ್ನಡಕ, ಮುಚ್ಚಿದ ಶೂ ಹಾಕಿ. ಚಪ್ಪಲಿ ಸಾಲದು. ಒಡೆದ ಗಾಜಿನ ಎರಡೂ ಕಡೆ ಅಗಲ ಟೇಪ್ ಅಂಟಿಸಿ. ಚೂರುಗಳನ್ನು ಮೇಲಿನಿಂದ ತೆಗೆಯುತ್ತಾ ಬನ್ನಿ. ಕೆಳಗಿನಿಂದ ಎಳೆದರೆ ಮೇಲಿನ ಚೂರು ಕೈಮೇಲೆ ಬೀಳುತ್ತದೆ.

ಗಾಜು ಕೂರುವ ತೋಡಿನಿಂದ ಹಳೆ ಪುಟ್ಟಿ ಕೆರೆಯಿರಿ. ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಹೇರ್ ಡ್ರೈಯರ್ ಬಿಸಿ ತೋರಿಸಿ, ಮೆತ್ತಗಾಗುತ್ತದೆ. ಒಳಗೆ ಸಣ್ಣ ಮೊಳೆಗಳಿರುತ್ತವೆ, ಇಕ್ಕಳದಲ್ಲಿ ಕಿತ್ತುಬಿಡಿ. ತೋಡು ಸ್ವಚ್ಛವಾದ ಮೇಲೆ ಅದಕ್ಕೆ ಪ್ರೈಮರ್ ಅಥವಾ ಅಗಸೆ ಎಣ್ಣೆ ಹಚ್ಚಲೇಬೇಕು. ಒಣ ಮರ ಪುಟ್ಟಿಯೊಳಗಿನ ಎಣ್ಣೆಯನ್ನು ಹೀರಿಕೊಂಡು ಪುಟ್ಟಿ ಪುಡಿಪುಡಿಯಾಗುತ್ತದೆ. ಅಂಗಡಿ ಪುಟ್ಟಿ ಒಂದೇ ವರ್ಷಕ್ಕೆ ಉದುರಿತು ಅಂತ ಬೈಯುವವರು ಹೆಚ್ಚಾಗಿ ಈ ಹಂತ ಬಿಟ್ಟಿರುತ್ತಾರೆ.

ಅಳತೆ. ಅಗಲವನ್ನು ಮೇಲೆ, ನಡುವೆ, ಕೆಳಗೆ ಅಂತ ಮೂರು ಕಡೆ ಅಳೆಯಿರಿ, ಎತ್ತರವನ್ನೂ ಮೂರು ಕಡೆ. ಎರಡರಲ್ಲೂ ಸಣ್ಣ ಅಳತೆ ತೆಗೆದುಕೊಂಡು 3 ಮಿಲಿಮೀಟರ್ ಕಳೆಯಿರಿ. ಮರ ಹಿಗ್ಗಿದಾಗ ಗಾಜಿಗೆ ಉಸಿರಾಡಲು ಅಷ್ಟು ಜಾಗ ಬೇಕು. ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಕರ್ಣ ಅಳೆಯಿರಿ. ಎರಡೂ ಒಂದೇ ಇಲ್ಲದಿದ್ದರೆ ಬಾಗಿಲು ವಾರೆಯಾಗಿದೆ ಅಂತ ಅರ್ಥ. ಆಗ ರಟ್ಟಿನಲ್ಲಿ ಅಚ್ಚು ಕತ್ತರಿಸಿ ಅದನ್ನೇ ಗಾಜಿನಂಗಡಿಗೆ ಒಯ್ಯಿರಿ.

ದಪ್ಪ ಎಷ್ಟು? ಸಣ್ಣ ಚೌಕಗಳಿಗೆ 3.5 ಅಥವಾ 4 ಮಿಲಿಮೀಟರ್, ದೊಡ್ಡವಕ್ಕೆ 5. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೊ ತೂಗುತ್ತದೆ. 5 ಮಿಲಿಮೀಟರ್ ಅಂದರೆ ಹನ್ನೆರಡೂವರೆ ಕಿಲೊ. ಹಳೆ ಕೀಲುಗಳಿಗೆ ಆ ಭಾರ ತಡೆಯುತ್ತದಾ ಅಂತ ಯೋಚಿಸಿ. ನೆಲಮಟ್ಟಕ್ಕೆ ಇಳಿದ ಕಿಟಕಿ, ಮಕ್ಕಳು ಓಡಾಡುವ ಜಾಗ, ಮೆಟ್ಟಿಲ ಪಕ್ಕ, ಇಂಥ ಕಡೆ ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು ಹಾಕಿಸಿ. ಅದನ್ನು ಆಮೇಲೆ ಕತ್ತರಿಸಲು ಆಗುವುದಿಲ್ಲ, ಅಳತೆ ತಪ್ಪಿದರೆ ಇಡೀ ಗಾಜು ದಂಡ.

ಇನ್ನು ಕೂರಿಸುವುದು. ಅಗಸೆ ಎಣ್ಣೆ ಪುಟ್ಟಿಯನ್ನು ಕೈಯಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಕೈಗೆ ಅಂಟಬಾರದು, ಬಿರಿಯಬಾರದು. ತೋಡಿನ ಸುತ್ತ 3 ಮಿಲಿಮೀಟರಿನಷ್ಟು ತೆಳ್ಳಗೆ ಹಾಸಿ. ಗಾಜನ್ನು ಮೊದಲು ಕೆಳ ಅಂಚು ಕೂರಿಸಿ, ನಿಧಾನಕ್ಕೆ ಒತ್ತಿ. ಒತ್ತುವುದು ಅಂಚಿನಲ್ಲಿ ಮಾತ್ರ. ನಡುವೆ ಒತ್ತಿದರೆ ಟಪ್ಪನೆ ಒಡೆಯುತ್ತದೆ. ಒಳಗಡೆ ಪುಟ್ಟಿ ಸ್ವಲ್ಪ ಹೊರಚಿಮ್ಮಬೇಕು, ಆಗ ಗಾಜಿನ ಹಿಂದೆ ಖಾಲಿ ಜಾಗ ಇಲ್ಲ ಅಂತ ಖಾತ್ರಿ. ಪ್ರತಿ ಆರರಿಂದ ಎಂಟು ಅಂಗುಲಕ್ಕೆ ತಲೆಯಿಲ್ಲದ ಸಣ್ಣ ಮೊಳೆ ಹೊಡೆಯಿರಿ. ಸುತ್ತಿಗೆಯನ್ನು ಎತ್ತಿ ಹೊಡೆಯಬೇಡಿ, ಗಾಜಿನ ಮೇಲೆ ಜಾರಿಸುತ್ತಾ ತಟ್ಟಿ. ನಡುವೆ ಒಂದು ರಟ್ಟಿನ ತುಂಡು ಇಟ್ಟರೆ ಇನ್ನೂ ಕ್ಷೇಮ.

ಆಮೇಲೆ ಹೊರಗಿನ ಪುಟ್ಟಿ. ಉದ್ದ ಉದ್ದ ಎಳೆ ಮಾಡಿ ಅಂಚಿಗೆ ಒತ್ತಿ, ಪುಟ್ಟಿ ಚಾಕುವನ್ನು ಓರೆ ಹಿಡಿದು ಒಂದು ಮೂಲೆಯಿಂದ ಇನ್ನೊಂದಕ್ಕೆ ಒಂದೇ ಎಳೆತದಲ್ಲಿ ಎಳೆಯಿರಿ. ಚಾಕು ಅಂಟಿದರೆ ಅಗಸೆ ಎಣ್ಣೆಯಲ್ಲಿ ಒರೆಸಿ. ಪುಟ್ಟಿಯ ಮೇಲ್ತುದಿ ಒಳಗಿನ ಮರದ ಅಂಚಿಗಿಂತ ಮೇಲೆ ಹೋಗಬಾರದು, ಹೋದರೆ ಒಳಗಿನಿಂದ ಕಾಣುತ್ತದೆ. ಒಂದೆರಡು ವಾರದಲ್ಲಿ ಮೇಲೆ ಪೊರೆ ಕಟ್ಟುತ್ತದೆ. ಆಗ ಬಣ್ಣ ಹಚ್ಚಿ, ಆ ಬಣ್ಣ ಗಾಜಿನ ಮೇಲೂ 2 ಮಿಲಿಮೀಟರ್ ಹತ್ತಿ ನಿಲ್ಲಲಿ. ಗಾಜಿಗೂ ಪುಟ್ಟಿಗೂ ನಡುವಿನ ಸಂದು ಮುಚ್ಚುವುದು ಆ 2 ಮಿಲಿಮೀಟರ್ ಬಣ್ಣವೇ. ನೀಟಾಗಿ ಕಾಣಲಿ ಅಂತ ಅದನ್ನು ಬ್ಲೇಡಿನಲ್ಲಿ ಕೆರೆದುಬಿಡಬೇಡಿ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅದು ಒಣಗುವಾಗ ಬಿಸಿಯಾಗಿ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ ಒಣಗಿಸಿ, ಅಥವಾ ನೀರಿನಲ್ಲಿ ಮುಳುಗಿಸಿಡಿ.

ಪುಟ್ಟಿಯ ಬದಲು ಗಾಜನ್ನು ಹಿಡಿದಿಡುವ ಬೀಡಿಂಗ್ ಪಟ್ಟಿ ಇರುವ ಕಿಟಕಿಯಾದರೆ ಕೆಲಸ ಸುಲಭ. ಪಟ್ಟಿಯನ್ನು ನಡುವಿನಿಂದ ಮೆಲ್ಲಗೆ ಎಬ್ಬಿಸಿ, ಗಾಜಿನ ಅಂಚಿಗೆ ನ್ಯೂಟ್ರಲ್ ಸಿಲಿಕಾನ್ ಎಳೆದು, ಪಟ್ಟಿ ವಾಪಸ್ ಹೊಡೆಯಿರಿ. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕಾನ್ ಲೋಹವನ್ನು ತಿನ್ನುತ್ತದೆ, ಹಾಗಾಗಿ ಕೀಲು, ಗ್ರಿಲ್ಲಿನ ಹತ್ತಿರ ಬೇಡ.

ಅಲ್ಯೂಮಿನಿಯಂ, ಯುಪಿವಿಸಿ ಸ್ಲೈಡಿಂಗ್ ಕಿಟಕಿ

ಇವು ಮೂರು ಕಾರಣಕ್ಕೆ ಕೆಡುತ್ತವೆ: ಟ್ರ್ಯಾಕಿನ ಕೊಳೆ, ಸವೆದ ರೋಲರ್, ಕಟ್ಟಿಕೊಂಡ ನೀರಿನ ತೂತು.

ಕಡೆಯದನ್ನು ಮೊದಲು ನೋಡಿ. ಕೆಳಗಿನ ಟ್ರ್ಯಾಕಿನ ಹೊರಗೋಡೆಯಲ್ಲಿ ನೀರು ಹೋಗಲು ಸಣ್ಣ ಸೀಳು ಅಥವಾ ತೂತು ಇರುತ್ತದೆ. ಧೂಳು, ಇರುವೆ ಮಣ್ಣು, ಬಣ್ಣದ ಹನಿ ತುಂಬಿ ಅದು ಮುಚ್ಚಿದರೆ ಟ್ರ್ಯಾಕು ತೊಟ್ಟಿಯಾಗುತ್ತದೆ, ತುಂಬಿ ಒಳಗೆ ಚೆಲ್ಲುತ್ತದೆ. ಕಿಟಕಿಯೇ ಸರಿ ಇಲ್ಲ ಅಂತ ಬದಲಿಸಲು ಹೊರಟವರು ಒಂದು ತಂತಿ ತುಂಡಿನಲ್ಲಿ ಸಮಸ್ಯೆ ಬಗೆಹರಿಸಿಕೊಂಡಿದ್ದಾರೆ. ತಂತಿ ಆಡಿಸಿ, ಲೋಟ ನೀರು ಹಾಕಿ, ಹೊರಗೆ ಬೀಳುತ್ತದಾ ನೋಡಿ. ಅಲ್ಯೂಮಿನಿಯಂ ಕಿಟಕಿಯಲ್ಲಿ ತೂತೇ ಹಾಕಿರದಿದ್ದರೆ 6 ಮಿಲಿಮೀಟರ್ ಡ್ರಿಲ್ಲಿನಲ್ಲಿ ಹೊರಗೋಡೆಗೆ ಮಾತ್ರ ಎರಡು ಕಡೆ ಕೊರೆಯಿರಿ. ತಳಕ್ಕೆ ಕೊರೆದರೆ ನೀರು ಗೋಡೆಯೊಳಗೆ ಹೋಗುತ್ತದೆ.

ಟ್ರ್ಯಾಕಿನ ಧೂಳನ್ನು ಒಣ ಕುಂಚದಲ್ಲಿ ಗುಡಿಸಿ, ಆಮೇಲೆ ಒದ್ದೆ ಬಟ್ಟೆ. ಕೊಬ್ಬರಿ ಎಣ್ಣೆ, ಗ್ರೀಸ್ ಹಾಕುವ ಮನಸ್ಸು ಎಲ್ಲರಿಗೂ ಬರುತ್ತದೆ. ಎರಡು ದಿನ ಸಲೀಸು, ಆಮೇಲೆ ಧೂಳು ಅಂಟಿ ಮೊದಲಿಗಿಂತ ಕೆಟ್ಟದಾಗುತ್ತದೆ. ಸಿಲಿಕಾನ್ ಸ್ಪ್ರೇ ಸಾಕು.

ಇಷ್ಟಾದರೂ ಎಳೆಯಲು ಕಷ್ಟವಾದರೆ ರೋಲರ್ ಹೋಗಿದೆ. ಬಾಗಿಲನ್ನು ಮೇಲಿನ ಟ್ರ್ಯಾಕಿನೊಳಕ್ಕೆ ಎತ್ತಿ, ಕೆಳಭಾಗವನ್ನು ಮನೆಯ ಒಳಗಡೆಗೆ ಎಳೆದರೆ ಬಿಡುತ್ತದೆ. ಕಳ್ಳತನ ತಡೆಯಲು ಮೇಲಿನ ಟ್ರ್ಯಾಕಿನಲ್ಲಿ ಸಣ್ಣ ತಡೆ ಇಟ್ಟಿದ್ದರೆ ಮೊದಲು ಅದನ್ನು ಬಿಚ್ಚಿ. ಇಬ್ಬರು ಬೇಕೇ ಬೇಕು: ಮೂರು ಅಡಿ ನಾಲ್ಕು ಅಡಿಯ ಬಾಗಿಲಿನ 5 ಮಿಲಿಮೀಟರ್ ಗಾಜೇ ಸುಮಾರು ಹದಿನಾಲ್ಕು ಕಿಲೊ ಆಗುತ್ತದೆ. ಹಳೆಯ ರೋಲರ್ ಬಿಚ್ಚಿ ಅದನ್ನೇ ಅಂಗಡಿಗೆ ಒಯ್ಯಿರಿ. ನೂರೆಂಟು ಆಕಾರಗಳಿವೆ, ಬಾಯಲ್ಲಿ ಹೇಳಿ ಸರಿಯಾದದ್ದು ತರಲು ಆಗುವುದಿಲ್ಲ. ಬೇರಿಂಗ್ ಇರುವುದನ್ನೇ ತೆಗೆದುಕೊಳ್ಳಿ. ಅಂಚಿನ ಕೂದಲಿನಂಥ ಪಟ್ಟಿ, ಅಂದರೆ ವುಲ್ ಪೈಲ್, ಉದುರಿದ್ದರೆ ಅದನ್ನೂ ಈಗಲೇ ಬದಲಿಸಿ. ಧೂಳು, ಗಾಳಿ, ಸೊಳ್ಳೆ ಬರುವುದು ಆ ದಾರಿಯಲ್ಲಿ.

ಸೊಳ್ಳೆ ಜಾಲರಿ

ಜಾಲರಿಗೆ ರಬ್ಬರ್ ಹುರಿ ಇರುವ ಫ್ರೇಮಾದರೆ ಹುರಿ ಎಳೆದು ತೆಗೆದು, ಹೊಸ ಜಾಲರಿ ಎರಡು ಅಂಗುಲ ದೊಡ್ಡದಾಗಿ ಹಾಸಿ, ಹುರಿಯನ್ನು ತೋಡಿಗೆ ಒತ್ತುತ್ತಾ ಬನ್ನಿ. ತುಂಬಾ ಎಳೆದು ಬಿಗಿಯಬೇಡಿ, ಫ್ರೇಮ್ ಒಳಕ್ಕೆ ಬಾಗುತ್ತದೆ. ಹೆಚ್ಚಾದದ್ದನ್ನು ಕೊನೆಗೆ ಕತ್ತರಿಸಿ. ಇಲಿ, ಅಳಿಲು ಓಡಾಡುವ ಮನೆಯಲ್ಲಿ ನೈಲಾನ್ ಜಾಲರಿ ದಂಡ, ಸ್ಟೇನ್‌ಲೆಸ್ ಹಾಕಿ.

ಬಣ್ಣ

ಭಾರತದಲ್ಲಿ ಮನೆ ಬಣ್ಣಗಳಲ್ಲಿ ಸೀಸದ ಪ್ರಮಾಣಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಎನಾಮಲ್ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ ಅಂದುಕೊಂಡೇ ಕೆಲಸ ಮಾಡಿ. ಒಣ ಉಜ್ಜಬೇಡಿ, ನೀರು ಚಿಮುಕಿಸಿ ವಾಟರ್ ಪೇಪರಿನಲ್ಲಿ ಉಜ್ಜಿ. ಬೆಂಕಿಯಿಂದ ಸುಟ್ಟು ಕೆರೆಯಬೇಡಿ. ಒಳ್ಳೆಯ ಮಾಸ್ಕ್ ಹಾಕಿ, ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಕಡೆ ಬಿಡಬೇಡಿ. ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಮರಕ್ಕೆ ಒಂದು ಕೈ ಪ್ರೈಮರ್, ಎರಡು ಕೈ ಬಣ್ಣ. ಪಶ್ಚಿಮದ ಬಿಸಿಲು ಬೀಳುವ ಕಿಟಕಿಗೆ ಇನ್ನೊಂದು ಕೈ ಜಾಸ್ತಿ. ಮರದ ಬಣ್ಣವೇ ಕಾಣಬೇಕು ಅನ್ನುವವರು ಹೊರಗಿನ ಬಳಕೆಗೆ ಅಂತಲೇ ಇರುವ ಪಿಯು ಪಾಲಿಶ್ ಹಾಕಲಿ, ಫ್ರೆಂಚ್ ಪಾಲಿಶ್ ಮಳೆಗೆ ತಡೆಯುವುದಿಲ್ಲ. ಬಣ್ಣ ಪೂರ್ತಿ ಆರುವವರೆಗೆ ಬಾಗಿಲನ್ನು ಕೊಕ್ಕೆ ಹಾಕಿ ತೆರೆದೇ ಇಡಿ. ಸಂಜೆ ಮುಚ್ಚಿದರೆ ಬೆಳಿಗ್ಗೆ ಚೌಕಟ್ಟಿಗೆ ಅಂಟಿಕೊಂಡು ಹೊಸ ಬಣ್ಣ ಕಿತ್ತು ಬರುತ್ತದೆ.

ಬೇರೆಯವರನ್ನು ಯಾವಾಗ ಕರೆಯಬೇಕು

ಚೌಕಟ್ಟೇ ಗೋಡೆಯಲ್ಲಿ ಅಲುಗಾಡಿದರೆ ಚೌಕಟ್ಟನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿ, ಅಂದರೆ ಹೋಲ್ಡ್‌ಫಾಸ್ಟ್, ತುಕ್ಕು ಹಿಡಿದು ಹೋಗಿದೆ. ಪ್ಲಾಸ್ಟರ್ ಒಡೆದು ಮತ್ತೆ ಕೂರಿಸಲು ಮೇಸ್ತ್ರಿ ಬೇಕು. ಕಿಟಕಿಯ ಮೇಲಿನ ಮೂಲೆಯಿಂದ ಗೋಡೆಯಲ್ಲಿ ಓರೆ ಬಿರುಕು ಹೊರಟು ದಿನೇ ದಿನೇ ಅಗಲವಾಗುತ್ತಿದ್ದರೆ ಅದು ಕಿಟಕಿಯ ಸಮಸ್ಯೆಯೇ ಅಲ್ಲ, ಲಿಂಟಲ್ (ಕಿಟಕಿಯ ಮೇಲಿನ ತೊಲೆ) ಅಥವಾ ಪಾಯದ್ದು. ಇಂಜಿನಿಯರಿಗೆ ತೋರಿಸಿ. ಮೇಲಿನ ಮಹಡಿಗಳಲ್ಲಿ ಹೊರಗಿನಿಂದ ಮಾಡುವ ಕೆಲಸ ಏನೇ ಇರಲಿ, ಸಾರ್ವೆ ಕಟ್ಟಿ ಮಾಡುವವರಿಗೆ ಬಿಡಿ. ಬಾಡಿಗೆ ಮನೆಯಾದರೆ ಫೋಟೊ ತೆಗೆದು ಓನರಿಗೆ ಮೆಸೇಜ್ ಹಾಕಿಯೇ ಕೈ ಹಾಕಿ, ಅಡ್ವಾನ್ಸ್ ವಾಪಸ್ ಕೇಳುವ ದಿನ ಆ ಫೋಟೊ ಕೆಲಸಕ್ಕೆ ಬರುತ್ತದೆ.

ಒಡೆದ ಗಾಜಿನ ಚೂರನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಸಕ್ಕೆ ಹಾಕಬೇಡಿ. ದಪ್ಪ ರಟ್ಟಿನ ಡಬ್ಬದಲ್ಲಿ ಹಾಕಿ, ಟೇಪ್ ಸುತ್ತಿ, ಮೇಲೆ "ಗಾಜು" ಅಂತ ದೊಡ್ಡದಾಗಿ ಬರೆದು, ಕಸದ ಗಾಡಿಯವರ ಕೈಗೆ ಹೇಳಿ ಕೊಡಿ. ಕಸ ವಿಂಗಡಿಸುವವರಲ್ಲಿ ಕೈಗವಸು ಇಲ್ಲದವರೇ ಹೆಚ್ಚು.